ಹವ್ಯಾಸದ ಕಟ್ಟೆ: ಪಟ್ಟಿ ಪಕ್ಕಕ್ಕಿಡಿ, ಪಿನ್‌ಬಾಲ್ ಆಡಿ ನೋಡಿ

ಹೋದ ತಿಂಗಳು ಇದೇ ಪುಟದಲ್ಲಿ ಹುಬ್ಬಳ್ಳಿಯ ನಮ್ಮ ಮನೆಯಲ್ಲಿರುವ ಪಿನ್‌ಬಾಲ್ ಮಷಿನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸುಮ್ನೆ ಬರೆದದ್ದು. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅಂಚೆಚೀಟಿಯವರು, ನಾಣ್ಯದವರು ಈ ಸಲ ಸ್ವಲ್ಪ ತಡೆದುಕೊಳ್ಳಿ, ಈ ತಿಂಗಳು ಪೂರ್ತಿ ಪಿನ್‌ಬಾಲ್. ನೋಡದೇ ಇದ್ದವರಿಗೆ ಎರಡೇ ಮಾತು: ಗಾಜಿನ ಕೆಳಗೆ ಇಳಿಜಾರಾದ ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು, ಕೆಳಗೆ ಪುಟ್ಟ ರೆಕ್ಕೆಯಂಥ ಎರಡು ಫ್ಲಿಪ್ಪರ್, ಪಕ್ಕದ ಬಟನ್ ಒತ್ತಿದರೆ ಅವು ಗುಂಡನ್ನು ಮೇಲಕ್ಕೆ ಹೊಡೆಯುತ್ತವೆ. ಗುಂಡು ಆ ಎರಡರ ನಡುವೆ ಜಾರಿ ಹೋಯಿತೋ, ನಿಮ್ಮ ಪಾಳಿ ಮುಗಿಯಿತು.

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಸೈಬರ್ ಕೆಫೆಗೆ ಹೋಗಿ, ಪ್ರಾಜೆಕ್ಟ್ ಟೈಪ್ ಮಾಡೋದು ಬಿಟ್ಟು ಕಂಪ್ಯೂಟರ್ ಪಿನ್‌ಬಾಲ್ ಆಡುತ್ತಿದ್ದವನು ನಾನು. ಈಗ ವಯಸ್ಸು 41, ಕೈಯಲ್ಲಿ ಸ್ವಲ್ಪ ದುಡ್ಡಿದೆ. ನಿಜವಾದ ಮಷಿನ್ ಒಂದು ಬೇಕು ಅನಿಸಿದೆ. ಅತ್ಯುತ್ತಮ ನೂರು ಮಷಿನ್‌ಗಳ ಪಟ್ಟಿ ಸಿಕ್ಕಿದೆ. ಮೊದಲನೇ ನಂಬರಿನದನ್ನೇ ತರಿಸಿಬಿಡಲಾ ಸರ್?
– ಓದುಗರು, ಮಾಳಮಡ್ಡಿ, ಧಾರವಾಡ

ಬೇಡ ಮಾರಾಯರೇ. ಮೊದಲು ಆ ಪಟ್ಟಿ ಮುಚ್ಚಿಡಿ.

ನೀವು ಆಡಿದ್ದು 'ಸ್ಪೇಸ್ ಕೆಡೆಟ್' ಇರಬೇಕು. 1995ರಲ್ಲಿ ಬಂದ ಆಟ, ವಿಂಡೋಸ್ ಎಕ್ಸ್‌ಪಿ ಜೊತೆ ಪುಕ್ಕಟೆ ಸಿಗುತ್ತಿತ್ತು. ಝಡ್ ಒತ್ತಿದರೆ ಎಡ ಫ್ಲಿಪ್ಪರ್, ಸ್ಪೇಸ್‌ಬಾರ್ ಹಿಡಿದು ಬಿಟ್ಟರೆ ಗುಂಡು ಮೇಲೆ. ಮುಂದೆ ವಿಸ್ಟಾದಲ್ಲಿ ಅದನ್ನು ಯಾಕೆ ತೆಗೆದರು ಗೊತ್ತಾ? 64 ಬಿಟ್ ಕಂಪ್ಯೂಟರ್‌ಗೆ ಬದಲಾಯಿಸಲು ಹೋದಾಗ ಗುಂಡು ಯಾವುದಕ್ಕೂ ತಾಗದೆ, ಅದನ್ನು ಮೇಲೆ ಹಾರಿಸುವ ಸ್ಪ್ರಿಂಗ್ ಕಡ್ಡಿಯನ್ನೂ ದಾಟಿ, ಭೂತದ ಹಾಗೆ ಕೆಳಗೆ ಇಳಿದು ಹೋಗುತ್ತಿತ್ತಂತೆ. ಎಲ್ಲಿ ತಪ್ಪಿದೆ ಅಂತ ಸಿಗಲಿಲ್ಲ, ಆಟವನ್ನೇ ಕೈಬಿಟ್ಟರು. ಇದನ್ನು ಯಾಕೆ ಹೇಳಿದೆ ಅಂದರೆ, ಪರದೆಯ ಗುಂಡಿಗೆ ತೂಕ ಇಲ್ಲ. ನಿಜವಾದದ್ದು 27 ಮಿಲಿಮೀಟರ್ ದಪ್ಪ, 80 ಗ್ರಾಂ ತೂಕ. ಫ್ಲಿಪ್ಪರ್ ಅದನ್ನು ಹೊಡೆದಾಗ ಪೆಟ್ಟಿಗೆಯ ಪಕ್ಕ ಹಿಡಿದ ನಿಮ್ಮ ಅಂಗೈಗೆ ಗೊತ್ತಾಗುತ್ತದೆ. ಗುಂಡು ತಪ್ಪುವ ಹೊತ್ತಿಗೆ ಸೊಂಟದಿಂದ ಒಂದು ಸಣ್ಣ ತಳ್ಳು ಕೊಡಬೇಕು. ಜಾಸ್ತಿ ತಳ್ಳಿದರೆ ಒಳಗೆ ಉಂಗುರದ ನಡುವೆ ನೇತು ಹಾಕಿದ ಲೋಹದ ತೂಕ ಹೋಗಿ ಉಂಗುರಕ್ಕೆ ತಾಗುತ್ತದೆ, 'ಟಿಲ್ಟ್' ಅಂತ ದೀಪ ಹತ್ತುತ್ತದೆ, ಫ್ಲಿಪ್ಪರ್ ಸತ್ತು ಹೋಗುತ್ತವೆ, ಗುಂಡು ನಿಮ್ಮ ಕಣ್ಣೆದುರೇ ಇಳಿದು ಹೋಗುತ್ತದೆ. ಈ ತಳ್ಳಾಟ ನಿಮಗೆ ಹಿಡಿಸುತ್ತದೋ ಇಲ್ಲವೋ ಅನ್ನೋದು ಪಟ್ಟಿಯಲ್ಲಿ ಬರೆದಿರೋದಿಲ್ಲ. ದೊಡ್ಡ ಊರಿನ ಗೇಮ್ ಝೋನ್ ಆಗಲಿ, ಹಳೇ ಹೋಟೆಲ್ ಆಗಲಿ, ಎಲ್ಲಿ ಕಂಡರೂ ಆಡಿ. ಒಂದೇ ಮಷಿನ್ ಮುಂದೆ ಒಂದು ಗಂಟೆ ನಿಲ್ಲಿ. ಗಂಟೆಯಾದ ಮೇಲೂ ಕೈ ಬಟನ್ ಕಡೆ ಹೋದರೆ ಅದು ನಿಮ್ಮ ಜಾತಿಯ ಮಷಿನ್.

ಇನ್ನು ಜಾತಿಗಳ ವಿಷಯ. 1970ರ ದಶಕದ ಕೊನೆಯವರೆಗೂ ಬಂದವು ಎಲೆಕ್ಟ್ರೋಮೆಕ್ಯಾನಿಕಲ್. ಚಿಪ್ ಇಲ್ಲ, ಬೋರ್ಡ್ ಇಲ್ಲ. ತಂತಿ ಸುತ್ತಿದ ಕಾಯಿಲ್, ಕರೆಂಟಿನಿಂದ ತೆರೆದು ಮುಚ್ಚುವ ರಿಲೇ ಸ್ವಿಚ್, ತಿರುಗುವ ಅಂಕಿಚಕ್ರ, ಗಂಟೆ. ಆಮೇಲೆ ಚಿಪ್ ಇರುವವು ಬಂದವು. 90ರ ದಶಕದಲ್ಲಿ ಕಿತ್ತಳೆ ಚುಕ್ಕೆಗಳ ಡಿಸ್‌ಪ್ಲೇ, ಕಥೆ, ಆಡುತ್ತ ಮುಗಿಸಬೇಕಾದ ಕೆಲಸಗಳು ಎಲ್ಲ ಸೇರಿದವು. ಪಟ್ಟಿಗಳ ತಲೆಯ ಮೇಲೆ ಈ ಕಾಲದವೂ ಎಷ್ಟೋ ಇರುತ್ತವೆ. 1992ರ 'ಆ್ಯಡಮ್ಸ್ ಫ್ಯಾಮಿಲಿ' 20,270 ತಯಾರಾಗಿ ದಾಖಲೆ ಮಾಡಿತು. 1997ರ 'ಮೆಡೀವಲ್ ಮ್ಯಾಡ್‌ನೆಸ್' ತಯಾರಾದದ್ದು 4,016 ಮಾತ್ರ, ಅದಕ್ಕೇ ಅದರ ರೇಟ್ ಆ ಎತ್ತರದಲ್ಲಿದೆ.

ಆದರೆ ಒಂದು ಯೋಚನೆ ಮಾಡಿ. ಆ ಪಟ್ಟಿಗೆ ಓಟು ಹಾಕುವವರಲ್ಲಿ ಎಷ್ಟೋ ಜನರ ಮನೆಯಲ್ಲಿ ಹತ್ತು ಮಷಿನ್ ಇರುತ್ತವೆ. ನಿಮ್ಮಲ್ಲಿ ಇರೋದು ಒಂದೇ. ಅದನ್ನು ಆಡುವವರು ನೀವು, ನಿಮ್ಮ ಮಗಳು, ಭಾನುವಾರ ಊಟಕ್ಕೆ ಬರುವ ಮಾಮಾ. 1993ರ 'ಟ್ವೈಲೈಟ್ ಝೋನ್' ಅದ್ಭುತ ಮಷಿನ್, ಅದರಲ್ಲಿ ಉಕ್ಕಿನ ಗುಂಡುಗಳ ಜೊತೆ ಹಗುರವಾದ ಒಂದು ಸೆರಾಮಿಕ್ ಗುಂಡೂ ಇದೆ, ಆದರೆ ಅದರ ನಿಯಮ ತಲೆಗೆ ಹತ್ತಲು ವಾರಗಟ್ಟಲೆ ಬೇಕು. ಮಾಮಾ ಮೂರು ಗುಂಡು ಕಳೆದುಕೊಂಡು ಹೋಗಿ ಟಿವಿ ಹಚ್ಚುತ್ತಾರೆ. ಅದೇ 1995ರ 'ಅಟ್ಯಾಕ್ ಫ್ರಮ್ ಮಾರ್ಸ್' ನೋಡಿ, ನಟ್ಟನಡುವೆ ಒಂದು ಹಾರುವ ತಟ್ಟೆ ಇದೆ. ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ, ಕಂಡವರೆಲ್ಲ ಅದಕ್ಕೇ ಹೊಡೆಯುತ್ತಾರೆ. ಹೊಸಬ ಆಡಿದರೂ ಮಜಾ, ಹಳಬ ಆಡಿದರೂ ಮಜಾ. ಮನೆಗೆ ಒಂದೇ ಮಷಿನ್ ಅಂದರೆ ಇಂಥದ್ದು ಬೇಕು.

ನನ್ನನ್ನೇ ಕೇಳಿದರೆ ಮೊದಲನೆಯದು ಎಲೆಕ್ಟ್ರೋಮೆಕ್ಯಾನಿಕಲ್ ಆಗಲಿ. ಕಾರಣ ಆಟವಲ್ಲ, ರಿಪೇರಿ. ನನ್ನದು ಗೋವಾದ ಒಂದು ಹೋಟೆಲ್ ತನ್ನ ಆಟದ ಕೋಣೆ ಖಾಲಿ ಮಾಡುವಾಗ ಸಿಕ್ಕ 70ರ ದಶಕದ ಗಾಟ್‌ಲೀಬ್ ಕಂಪನಿಯ ಮಷಿನ್. ಟೆಂಪೋದಲ್ಲಿ ಘಟ್ಟ ಹತ್ತಿ ಬಂದಾಗ ಅರ್ಧ ದೀಪ ಹತ್ತುತ್ತಿರಲಿಲ್ಲ, ಒಂದು ಕಾಯಿಲ್ ಸುಟ್ಟು ಹೋಗಿತ್ತು. ಅದನ್ನು ಕೈಯಲ್ಲಿ ಹಿಡಿದು ನಮ್ಮ ಓಣಿಯ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋದೆ. ಇಡೀ ದಿನ ರೈತರ ಪಂಪ್‌ಸೆಟ್ ಸುತ್ತುವ ಮನುಷ್ಯ. ತಿರುಗಿಸಿ ಮುರುಗಿಸಿ ನೋಡಿ, "ಇಷ್ಟ ಏನ್ರಿ? ಚಾ ಕುಡದ್ ಬರ್ರಿ" ಅಂದ. ಚಹಾ ಕುಡಿದು ಬರುವಷ್ಟರಲ್ಲಿ ಸುತ್ತಿ ಇಟ್ಟಿದ್ದ! ಚಿಪ್ ಮಷಿನ್‌ನ ಬೋರ್ಡ್ ಹೋದರೆ ಇಷ್ಟು ಸಲೀಸಾಗಿ ಕೆಲಸ ಆಗೋದಿಲ್ಲ.

ಒಂದು ಎಚ್ಚರಿಕೆ ಇದೆ. ಎಷ್ಟೋ ಅಮೆರಿಕನ್ ಕಾಯಿಲ್‌ಗಳ ಕಾಗದದ ಮೇಲೆ 23-800 ಥರ ಬರೆದಿರುತ್ತದೆ. 23 ಗೇಜ್ ತಂತಿ, 800 ಸುತ್ತು ಅಂತ ಅರ್ಥ. ಆದರೆ ಅದು ಅಮೆರಿಕದ ಗೇಜ್, ತಂತಿಯ ದಪ್ಪ 0.57 ಮಿಲಿಮೀಟರ್. ನಮ್ಮ ಅಂಗಡಿಯವರು ಹಿಡಿಯೋದು ಬ್ರಿಟಿಷರ ಎಸ್‌ಡಬ್ಲ್ಯುಜಿ ಗೇಜ್, ಅದರಲ್ಲಿ ಹತ್ತಿರದ್ದು 24. ಸುಮ್ನೆ "23 ಹಾಕ್ರಿ" ಅಂದರೆ ತಂತಿ ದಪ್ಪವಾಗಿ ಬಾಬಿನ್‌ನಲ್ಲಿ ಹಿಡಿಸೋದಿಲ್ಲ.

ಪ್ರಶ್ನೆ: ನಮ್ಮ ಅಜ್ಜನ ಕಾಲದ ಒಂದು ಹಲಗೆ ಅಟ್ಟದಲ್ಲಿ ಸಿಕ್ಕಿತು. ಮೊಳೆ ಹೊಡೆದಿದ್ದಾರೆ, ನಡುವೆ ಬಟ್ಟಲಿನಂಥ ಕುಳಿಗಳು, ಪಕ್ಕದಲ್ಲಿ ಸ್ಪ್ರಿಂಗ್ ಕಡ್ಡಿ. ಗೋಲಿ ಹಾಕಿ ಎಳೆದು ಬಿಡೋದು. ಇದೂ ಪಿನ್‌ಬಾಲೇನಾ? ಬೆಲೆ ಬರುತ್ತದಾ?
– ಓದುಗರು, ಬೆಟಗೇರಿ

ಅದು ಬ್ಯಾಗಟೆಲ್. ಪಿನ್‌ಬಾಲ್‌ನ ಅಜ್ಜ ಅನ್ನಿ, ಅಜ್ಜನ ಅಟ್ಟದಲ್ಲೇ ಸಿಕ್ಕಿದೆ ನಿಮಗೆ. ಪಿನ್ ಅನ್ನೋ ಹೆಸರು ಬಂದದ್ದೇ ಆ ಮೊಳೆಗಳಿಂದ. ಫ್ರಾನ್ಸ್‌ನಲ್ಲಿ 18ನೇ ಶತಮಾನದಲ್ಲಿ ಬಿಲಿಯರ್ಡ್ಸ್ ಥರ ಕೋಲಿನಿಂದ ಗುಂಡು ತಳ್ಳಿ ಆಡುತ್ತಿದ್ದರು. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಾಂಟೇಗ್ಯೂ ರೆಡ್‌ಗ್ರೇವ್ ಕೋಲು ತೆಗೆದು ಸ್ಪ್ರಿಂಗ್ ಕಡ್ಡಿ ಇಟ್ಟು ಪೇಟೆಂಟ್ ಮಾಡಿಸಿದ. ನಿಮ್ಮ ಹಲಗೆಯ ಕಡ್ಡಿ ಅದೇ ವಂಶದ್ದು. 1931ರಲ್ಲಿ ಡೇವಿಡ್ ಗಾಟ್‌ಲೀಬ್ 'ಬ್ಯಾಫಲ್ ಬಾಲ್' ಅಂತ ಅಂಗಡಿ ಮೇಜಿನ ಮೇಲೆ ಇಡುವ ಮಷಿನ್ ತಂದ, ಕಾಸು ಹಾಕಿದರೆ ಗುಂಡು ಬರುತ್ತಿತ್ತು. ಮಂದಿ ಮುಗಿಬಿದ್ದರು. ಆಗಲೂ ಫ್ಲಿಪ್ಪರ್ ಇರಲಿಲ್ಲ! ಗುಂಡು ಬಿಟ್ಟ ಮೇಲೆ ದೇವರೇ ಗತಿ. ಫ್ಲಿಪ್ಪರ್ ಬಂದದ್ದು 1947ರಲ್ಲಿ, 'ಹಂಪ್ಟಿ ಡಂಪ್ಟಿ' ಅನ್ನೋ ಮಷಿನ್‌ನಲ್ಲಿ. ಅದರಲ್ಲಿ ಆರು ಫ್ಲಿಪ್ಪರ್, ಎರಡೂ ಬದಿಗೆ ಮೂರು ಮೂರು, ಅದೂ ಈಗಿನ ದಿಕ್ಕಿಗೆ ಉಲ್ಟಾ.

ಬೆಲೆ ಬಿಡಿ, ಮಾರಬೇಡಿ. ತೋಂಟದಾರ್ಯ ಜಾತ್ರೆಗೆ ಮನೆಗೆ ನೆಂಟರು ಬಂದಾಗ ಹೊರಗಿಡಿ, ಮಕ್ಕಳು ಮೊಬೈಲ್ ಬಿಡುತ್ತಾರೋ ಇಲ್ಲವೋ ನೋಡಿ ಬರೆಯಿರಿ. ಒಂದು ಮಾತು: ಮೊಳೆ ಬಾಗಿದ್ದರೆ ನೇರ ಮಾಡಲು ಹೋಗಬೇಡಿ. ಕೆಲವನ್ನು ಬೇಕಂತಲೇ ವಾಲಿಸಿ ಹೊಡೆದಿರುತ್ತಾರೆ.

ಪ್ರಶ್ನೆ: ನನ್ನ ಯಜಮಾನರು ಪಿನ್‌ಬಾಲ್ ಮಷಿನ್ ತರುತ್ತೇನೆ ಅಂತ ಕುಣಿಯುತ್ತಿದ್ದಾರೆ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಎಷ್ಟು ಜಾಗ ಹಿಡಿಯುತ್ತದೆ? ಕರೆಂಟ್ ಬಿಲ್? ಸಪ್ಪಳ? ನಿಜ ಹೇಳಿ ಅಣ್ಣಾರೇ.
– ಓದುಗರು, ರಾಣೇಬೆನ್ನೂರು

ನಿಜಾನೇ ಹೇಳುತ್ತೇನೆ ಅಕ್ಕಾರೇ, ನಿಮ್ಮ ಯಜಮಾನರು ನನಗೆ ಬೈದರೂ ಪರವಾಗಿಲ್ಲ. ಉದ್ದ ನಾಲ್ಕೂವರೆ ಅಡಿ, ಅಗಲ ಎರಡೂವರೆ, ಎತ್ತರ ಆರಡಿಗೂ ಮೇಲೆ. ಮುಂದೆ ನಿಂತು ಆಡಲು ಇನ್ನೂ ಮೂರಡಿ ಬಿಡಿ. ತೂಕ 110 ಕೆಜಿಯಿಂದ ಮೇಲಕ್ಕೆ. ನಮ್ಮ ಮನೆಗೆ ಬಂದ ದಿನ ಕಾಲು ಬಿಚ್ಚಿ, ಮೇಲಿನ ಪೆಟ್ಟಿಗೆ ಬೇರೆ ಮಾಡಿ, ಹಾಸಿಗೆ ಸುತ್ತಿ, ನಾಲ್ಕು ಜನ ಹೊತ್ತು ಮೆಟ್ಟಿಲು ಹತ್ತಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಏನ್ ತಂದ್ರಿ ಇದು, ಹೆಣದ ಪೆಟ್ಟಿಗಿ ಇದ್ದಂಗ ಐತಿ" ಅಂದಳು. ಓಣಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು, ಅವರಲ್ಲಿ ಇಬ್ಬರು ನಿಜಕ್ಕೂ ಗಾಬರಿಯಾಗಿದ್ದರು.

ಕರೆಂಟ್ ಬಿಲ್ ಚಿಂತೆ ಬೇಡ, ಅದು ಫ್ರಿಜ್ ಥರ ಇಡೀ ದಿನ ಓಡೋದಲ್ಲ. ಚಿಂತೆ ಇರೋದು ವೋಲ್ಟೇಜ್‌ದು. ಅಮೆರಿಕದ ಮನೆ ಕರೆಂಟ್ 120 ವೋಲ್ಟ್, ನಮ್ಮದು 230. ಬಂದ ಖುಷಿಯಲ್ಲಿ ನೇರ ಪ್ಲಗ್ ಚುಚ್ಚಿದರೆ ಹೊಗೆ ಬರುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ 220–240ರ ಜೋಡಣೆ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ. ಯುರೋಪಿನಲ್ಲಿ ಓಡಿ ಬಂದ ಮಷಿನ್ ಆದರೆ ಸಾಮಾನ್ಯವಾಗಿ ಮೊದಲೇ ಬದಲಾಯಿಸಿರುತ್ತಾರೆ. ಇಲ್ಲದಿದ್ದರೆ ಒಂದು ಕೆವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ಅರ್ಥಿಂಗ್ ಸರಿ ಇಲ್ಲದ ಪಾಯಿಂಟ್‌ಗೆ ಮಾತ್ರ ಹಾಕಲೇಬಾರದು. ಕೈಯಿಡುವ ಮುಂಭಾಗ ಕಬ್ಬಿಣ, ಕಾಲು ಕಬ್ಬಿಣ, ಮುಟ್ಟುವವರು ಮಕ್ಕಳು.

ಸಪ್ಪಳ ಇದೆ, ಜಾಸ್ತಿನೇ ಇದೆ. ಒಂದು ಸ್ಕೋರ್ ದಾಟಿದರೆ ಮಷಿನ್ ಒಂದು ಆಟ ಪುಕ್ಕಟೆ ಕೊಡುತ್ತದೆ, ಆಗ ಒಳಗಿನ ಸುತ್ತಿಗೆಯಂಥ ನಾಕರ್ ಪೆಟ್ಟಿಗೆಗೆ 'ಟಕ್!' ಅಂತ ಬಡಿಯುತ್ತದೆ. ರಾತ್ರಿ ಹನ್ನೊಂದಕ್ಕೆ ನನಗೆ ಒಂದು ಆಟ ಸಿಕ್ಕಿತು, ಕೆಳಗಿನ ಮನೆಯ ಕಾಕಾ ಎದ್ದು ಬಂದು ಬಾಗಿಲು ಬಡಿದವರು ಯಾರು ಅಂತ ಕೇಳಿದರು. ಎರಡನೇ ಮಹಡಿಯಲ್ಲಿ ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಡಿಸಿ. ಸಾಧ್ಯವಾದರೆ ನೆಲಮಹಡಿಯ ಕೋಣೆ ಹುಡುಕಿ ಅಂತ ಯಜಮಾನರಿಗೆ ಹೇಳಿ, ನನ್ನ ಹೆಸರು ಹೇಳಬೇಡಿ.

ಪ್ರಶ್ನೆ: ಕಾಸು ಹಾಕಿ ಆಡೋದು, ಗೆದ್ದರೆ ಮತ್ತೆ ಆಟ. ಇದು ಜೂಜಲ್ಲವೇ?
– ಓದುಗರು, ಹಾವೇರಿ

ಈ ಪ್ರಶ್ನೆ ನ್ಯೂಯಾರ್ಕ್‌ನವರೇ 30 ವರ್ಷಕ್ಕೂ ಜಾಸ್ತಿ ಕೇಳಿದ್ದಾರೆ. 1942ರಲ್ಲಿ ಅಲ್ಲಿನ ಮೇಯರ್ ಲಾಗಾರ್ಡಿಯಾ ಪಿನ್‌ಬಾಲ್ ನಿಷೇಧಿಸಿ, ಮಷಿನ್‌ಗಳನ್ನು ಹಿಡಿಸಿ ಸುತ್ತಿಗೆಯಿಂದ ಒಡೆಸಿದ. ಆಗಿನವುಗಳಿಗೆ ಫ್ಲಿಪ್ಪರ್ ಇರಲಿಲ್ಲ ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಅದೃಷ್ಟದ ಆಟ ಅನ್ನೋ ಆರೋಪ ಪೂರ್ತಿ ಸುಳ್ಳೂ ಅಲ್ಲ. 1976ರಲ್ಲಿ ರೋಜರ್ ಶಾರ್ಪ್ ಅನ್ನೋ ಪತ್ರಕರ್ತ ನಗರಸಭೆಯವರ ಎದುರು ಮಷಿನ್ ಇಟ್ಟು ಆಡಿ ತೋರಿಸಿದ. ಸ್ಪ್ರಿಂಗ್ ಕಡ್ಡಿ ಎಳೆಯುವ ಮೊದಲೇ, ಗುಂಡು ಮೇಲಿನ ನಡುವಿನ ದಾರಿಯಲ್ಲೇ ಇಳಿಯುತ್ತದೆ ಅಂದ. ಬಿಟ್ಟ. ಅಲ್ಲೇ ಇಳಿಯಿತು! ನಿಷೇಧ ಹೋಯಿತು. ಅದರಲ್ಲಿ ಅದೃಷ್ಟವೂ ಇತ್ತು ಅಂತ ಮುಂದೆ ಆತನೇ ಒಪ್ಪಿಕೊಂಡಿದ್ದಾನೆ.

ಮನೆಯಲ್ಲಿಟ್ಟ ಚಿಪ್ ಮಷಿನ್‌ಗೆ ಸಾಮಾನ್ಯವಾಗಿ ಕಾಸೇ ಬೇಕಿಲ್ಲ, ಒಳಗಿನ ಒಂದು ಸೆಟ್ಟಿಂಗ್ ಬದಲಿಸಿದರೆ ಆಯಿತು. ಚಹಾದ ಮೇಲೆ ಪಂಥ ಕಟ್ಟೋದು ನಿಮಗೆ ಬಿಟ್ಟದ್ದು.

ಪ್ರಶ್ನೆ: 90ರ ದಶಕದ ಒಂದು ಮಷಿನ್ ಕೊಂಡೆ. ಫ್ಲಿಪ್ಪರ್‌ಗೆ ದಮ್ಮೇ ಇಲ್ಲ, ಗುಂಡು ಅರ್ಧ ದಾರಿಗೆ ವಾಪಸ್. ಆಫ್ ಮಾಡಿದರೆ ಸ್ಕೋರ್ ಎಲ್ಲ ಅಳಿಸಿ ಹೋಗುತ್ತದೆ. ಹಲಗೆಯೂ ಜಾರುತ್ತಿಲ್ಲ, ಕೇರಂ ಪೌಡರ್ ಹಾಕಲಾ?
– ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಕೇರಂ ಪೌಡರ್ ಹಾಕಬೇಡಿ! ಕೈ ಮುಗಿಯುತ್ತೇನೆ. ನನ್ನ ಅಳಿಯ ಒಮ್ಮೆ ಒಳ್ಳೇ ಮನಸ್ಸಿನಿಂದ ಅರ್ಧ ಡಬ್ಬಿ ಸುರಿದಿದ್ದ. ಆ ಪುಡಿ ಸಂದಿಗೊಂದಿ ಸೇರಿ, ಸ್ವಿಚ್‌ಗಳ ಬಾಯಿಗೆ ಮೆತ್ತಿ, ಮೂರು ಭಾನುವಾರ ಬ್ರಷ್ ಹಿಡಿದು ಕೂತೆ. ಹಲಗೆಗೆ ನೀರೂ ಬೇಡ. ಒಣ ಬಟ್ಟೆಯಿಂದ ಒರೆಸಿ, ಕಾರಿಗೆ ಹಚ್ಚುವ ಕಾರ್ನೂಬಾ ವ್ಯಾಕ್ಸ್ ತೆಳ್ಳಗೆ ಹಚ್ಚಿ ಉಜ್ಜಿ. ಗುಂಡನ್ನು ತೆಗೆದು ಉಗುರಿನಿಂದ ಸವರಿ ನೋಡಿ. ಗೀರು, ತುಕ್ಕು ಸಿಕ್ಕರೆ ಬಿಸಾಕಿ, ಅದು ಮರಳು ಕಾಗದದ ಥರ ಹಲಗೆಯ ಬಣ್ಣ ತಿನ್ನುತ್ತಿರುತ್ತದೆ. ಅಳತೆ 1 1/16 ಇಂಚು. ಬೇರಿಂಗ್ ಅಂಗಡಿಯಲ್ಲೂ ಈ ಅಳತೆಯ ಗುಂಡು ಇರುತ್ತದೆ, ಆದರೆ ಆ ಕ್ರೋಮ್ ಉಕ್ಕು ಬೇಗ ಅಯಸ್ಕಾಂತವಾಗಿ ಒಂದಕ್ಕೊಂದು ಅಂಟುತ್ತದೆ. ಪಿನ್‌ಬಾಲ್‌ಗೆ ಅಂತಲೇ ಬರುವ ಕಾರ್ಬನ್ ಉಕ್ಕಿನದೇ ತರಿಸಿ. ಹಾಗೇ ಒಂದು ರಸಮಟ್ಟ ಇಟ್ಟು ಎಡಬಲ ಸರಿ ಇದೆಯಾ ನೋಡಿ. ಉದ್ದಕ್ಕೆ ಆರೂವರೆ ಡಿಗ್ರಿ ಇಳಿಜಾರು ಬೇಕು, ಕಾಲಿನ ಬುಡದ ಬೋಲ್ಟ್ ತಿರುಗಿಸಿದರೆ ಸಿಗುತ್ತದೆ.

ಫ್ಲಿಪ್ಪರ್‌ಗೆ ದಮ್ಮಿಲ್ಲ ಅಂದರೆ ಮಂದಿ ಮೊದಲು ಕಾಯಿಲ್ ಮೇಲೆ ಅನುಮಾನ ಪಡುತ್ತಾರೆ. ಕಾಯಿಲ್ ಬಹಳ ಸಲ ಸರಿಯಾಗೇ ಇರುತ್ತದೆ. ಪವರ್ ತೆಗೆದು ಹಲಗೆ ಎತ್ತಿ ನೋಡಿ. ಕಾಯಿಲ್ ಒಳಗೆ ಓಡಾಡುವ ಕಬ್ಬಿಣದ ಪ್ಲಂಜರ್ ಇದೆಯಲ್ಲ, ಸಾವಿರಾರು ಸಲ ಬಡಿದು ಬಡಿದು ಅದರ ತುದಿ ಅಣಬೆ ಥರ ಅರಳಿರುತ್ತದೆ, ಕಾಯಿಲ್ ಒಳಗಿನ ಪ್ಲಾಸ್ಟಿಕ್ ಕೊಳವೆ ಕಪ್ಪಾಗಿ ಗೀರು ಬಿದ್ದಿರುತ್ತದೆ. ಎರಡೂ ಬದಲಿಸಿ. ಫ್ಲಿಪ್ಪರ್ ತುದಿ ಹಿಡಿದು ಅಲ್ಲಾಡಿಸಿ, ಲಡಬಡ ಅಂದರೆ ಕೊಂಡಿಯೂ ಸವೆದಿದೆ. ಇವೆಲ್ಲ ಒಂದೇ ಕಿಟ್‌ನಲ್ಲಿ ಸಿಗುತ್ತವೆ. ಸ್ವಿಚ್ ಕೊಳೆಯಾಗಿದ್ದರೆ ಅರ ಹಾಕಬೇಡಿ, ಚಿಪ್ ಮಷಿನ್‌ನಲ್ಲಿ ಹೆಚ್ಚಿನವಕ್ಕೆ ಚಿನ್ನದ ಲೇಪ ಇರುತ್ತದೆ. ಒಂದು ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ, ಸ್ವಿಚ್ ಮೆಲ್ಲಗೆ ಒತ್ತಿ ಹಿಡಿದು ಕಾರ್ಡ್ ಎಳೆಯಿರಿ, ಕೊಳೆ ಕಾರ್ಡಿಗೆ ಬರುತ್ತದೆ.

ಸ್ಕೋರ್ ಅಳಿಸೋದು ಸೆಲ್ ಸತ್ತಿದ್ದಕ್ಕೆ. ಇದನ್ನು ಇವತ್ತೇ ನೋಡಿ, ನಾಳೆಗೆ ಬೇಡ. ಆ ಕಾಲದ ಬಹಳ ಮಷಿನ್‌ಗಳಲ್ಲಿ ಬೋರ್ಡ್ ಮೇಲೇ ಮೂರು ಪೆನ್ಸಿಲ್ ಸೆಲ್ ಇರುತ್ತವೆ. ಸೋರಿದರೆ ಬೋರ್ಡ್ ತಿನ್ನುತ್ತವೆ. ನನ್ನ ಎರಡನೇ ಮಷಿನ್ ಮಾರಿದವರು, "ಹೊಸ ಸೆಲ್ ಹಾಕೇವ್ರಿ, ಏನೂ ನೋಡೂ ಹಂಗಿಲ್ಲ" ಅಂದಿದ್ದರು, ನಾನೂ ನೋಡಲಿಲ್ಲ. ಒಂದು ಮಳೆಗಾಲ ಕಳೆದು ಬಿಚ್ಚಿದರೆ ಸೆಲ್‌ಗಳ ಸುತ್ತ ಹಸಿರು ಹೂ ಬಿಟ್ಟಿತ್ತು, ತಾಮ್ರದ ಗೆರೆಗಳು ಅರ್ಧ ಮಾಯ. ಹಳೇ ಹುಬ್ಬಳ್ಳಿಯ ಒಬ್ಬ ಟಿವಿ ರಿಪೇರಿಯವರು ಬಿಳಿ ವಿನೆಗರ್‌ನಲ್ಲಿ ಟೂತ್‌ಬ್ರಷ್ ಅದ್ದಿ ಉಜ್ಜಿ, ನೀರಿನಿಂದ ತೊಳೆದು, ಆಲ್ಕೋಹಾಲ್ ಹಚ್ಚಿ ಒಣಗಿಸಿ, ಕೂದಲೆಳೆಯಂಥ ತಂತಿಗಳನ್ನು ಒಂದೊಂದಾಗಿ ಬೆಸೆದುಕೊಟ್ಟರು. ನಾಲ್ಕು ಸಂಜೆ ಹಿಡಿಯಿತು. ಈಗ ನನ್ನ ಸೆಲ್‌ಗಳು ಬೋರ್ಡ್ ಮೇಲೆ ಇಲ್ಲ. ಎರಡು ಉದ್ದ ವೈರ್ ಎಳೆದು ಪೆಟ್ಟಿಗೆಯ ತಳದಲ್ಲಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಸೋರಿದರೆ ಡಬ್ಬಿಗೆ ಸೋರಲಿ. ನೀವೂ ಹಾಗೇ ಮಾಡಿಸಿ. ಮಷಿನ್ ಕೊಳ್ಳಲು ಹೋದವರು ಬೊಂಬೆ, ದೀಪ ನೋಡೋ ಮೊದಲು ಮೇಲಿನ ಪೆಟ್ಟಿಗೆ ತೆಗೆಸಿ ಈ ಮೂಲೆ ನೋಡಿ. ಹಸಿರು ಕಂಡರೆ ರೇಟ್ ಇಳಿಸಿ, ಇಲ್ಲವೇ ಎದ್ದು ಬನ್ನಿ.

ಪ್ರಶ್ನೆ: ನಾನು ವಿದ್ಯಾರ್ಥಿ. ದುಡ್ಡಿಲ್ಲ. ಏನು ಮಾಡಲಿ?
– ಓದುಗ, ಸಪ್ತಾಪುರ, ಧಾರವಾಡ

ತಮ್ಮಾ, ಬೆಟಗೇರಿಯವರ ಪ್ರಶ್ನೆ ಓದು. ಒಂದು ಪ್ಲೈವುಡ್ ತುಂಡು, ಕಾಲು ಕೆಜಿ ಮೊಳೆ, ನಾಲ್ಕು ಗೋಲಿ, ಹಾರ್ಡ್‌ವೇರ್ ಅಂಗಡಿಯ ಒಂದು ಸ್ಪ್ರಿಂಗ್. ಮೊಳೆ ಎಲ್ಲಿ ಹೊಡೆದರೆ ಗೋಲಿ ಎಲ್ಲಿ ಹೋಗುತ್ತದೆ ಅಂತ ಒಂದು ತಿಂಗಳು ಒದ್ದಾಡು. ಕಂಪ್ಯೂಟರ್ ಇದ್ದರೆ 'ವಿಶುವಲ್ ಪಿನ್‌ಬಾಲ್' ಪುಕ್ಕಟೆ ಸಿಗುತ್ತದೆ, ಅದರಲ್ಲಿ ಮಷಿನ್ ನೀನೇ ವಿನ್ಯಾಸ ಮಾಡಬಹುದು.

ಪ್ರಶ್ನೆ: ಒಂದು ತಂದೆ, ಎರಡಾಯಿತು. ಈಗ ಮೂರನೆಯದರ ಮೇಲೆ ಕಣ್ಣು. ಎಲ್ಲಿಗೆ ನಿಲ್ಲಿಸಬೇಕು?
– ಓದುಗರು, ಗದಗ

ನೀವು ನನ್ನನ್ನು ಕೇಳುತ್ತಿದ್ದೀರಿ, ಕುಡುಕನ ಹತ್ರ ಅಂಗಡಿಯ ದಾರಿ ಕೇಳಿದ ಹಾಗೆ.

ಒಂದು ಲೆಕ್ಕ ಹೇಳುತ್ತೇನೆ. ಮಷಿನ್ ನಿಂತಷ್ಟೂ ಕೆಡುತ್ತದೆ. ವಾರಕ್ಕೊಮ್ಮೆಯಾದರೂ ಪ್ರತಿಯೊಂದನ್ನೂ ಆಡಲು ಆಗುತ್ತದಾ? ಆಗದಿದ್ದರೆ ಅದು ಗೋದಾಮು. ಇನ್ನೊಂದು, ಒಂದೇ ಥರದ್ದು ಎರಡು ಬೇಡ. ನನ್ನದರಲ್ಲಿ ಒಂದು ಗಂಟೆ ಬಾರಿಸುವ ನಿಧಾನದ ಹಳೇದು, ಒಂದು ಕಿರುಚಾಡುವ ಜೋರಿನದು. ಸಿಟ್ಟು ಬಂದ ದಿನ ಎರಡನೆಯದು, ಮಳೆ ಬಂದ ದಿನ ಮೊದಲನೆಯದು. ಮೂರನೆಯದು ಇವೆರಡೂ ಮಾಡದ ಏನನ್ನು ಮಾಡುತ್ತದೆ ಅಂತ ಒಂದು ಸಾಲಿನಲ್ಲಿ ಹೇಳಲು ಬಂದರೆ ತನ್ನಿ. ಹೇಳಲು ಬಾರದೆ ಬರೀ "ಸಿಗ್ತಾ ಇದೆ" ಅನ್ನೋದೇ ಕಾರಣವಾದರೆ ಬಿಡಿ, ಬೇರೆ ಯಾರಾದರೂ ತರಲಿ, ಅವರ ಮನೆಗೆ ಹೋಗಿ ಆಡಿ.

ನನ್ನ ಹತ್ರ ಎರಡಿವೆ. ಮೂರನೆಯದಕ್ಕೆ ಟೇಪ್ ಹಿಡಿದು ಜಾಗ ಅಳೆದಿದ್ದೇನೆ, ಹೆಂಡತಿಯ ಹೊಲಿಗೆ ಮಷಿನ್ ಕಿಟಕಿ ಕಡೆ ಸರಿಸಿದರೆ ಹಿಡಿಯುತ್ತದೆ. ಇನ್ನೂ ಕೇಳಿಲ್ಲ.